ಒಂದೇ ಊರಿನ ನಾಲ್ಕು ನೆಲೆಗಳಲ್ಲಿ ವರ್ಷವಿಡೀ ಹಕ್ಕಿ ಎಣಿಸುವ ಬಗೆ

ಮೈಸೂರು–ಮಂಡ್ಯ ಸೀಮೆಯ ಕೆರೆಯೊಂದರ ಏರಿಯ ಮೇಲೆ ಫೆಬ್ರುವರಿಯಲ್ಲಿ ನಿಂತವರು ನೂರಾರು ಬಾತು, ಗೊರವ, ಮೆಟ್ಟುಗಾಲು ಹಕ್ಕಿಗಳನ್ನು ಕಂಡು ಬರುತ್ತಾರೆ. ಅದೇ ಕೆರೆ ತುಂಬಿ ಕೋಡಿ ಹರಿಯುವ ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ನಿಂತವರಿಗೆ ನಾಲ್ಕಾರು ಗುಳುಮುಳುಕ, ಒಂದೆರಡು ನೀರುಕಾಗೆ ಕಂಡರೆ ಹೆಚ್ಚು. ಎರಡೂ ನೋಟಗಳು ನಿಜವೇ. ಆದರೆ ಅವೆರಡರ ನಡುವಿನ ವ್ಯತ್ಯಾಸಕ್ಕೆ ಕಾರಣವೇನು ಎಂಬುದು ಬರಿಯ ನೋಟದಿಂದ ತಿಳಿಯುವುದಿಲ್ಲ. ಹಕ್ಕಿಗಳು ದೂರದ ನಾಡಿನಿಂದ ಬಂದಿರಬಹುದು ಅಥವಾ ಅಲ್ಲಿಗೆ ಮರಳಿರಬಹುದು. ಎಲ್ಲಿಗೂ ಹೋಗದೆ ಪಕ್ಕದ ಗದ್ದೆಗೋ ಇನ್ನೊಂದು ಕೆರೆಗೋ ಜಾಗ ಬದಲಿಸಿರಬಹುದು. ಅಲ್ಲೇ ಇದ್ದೂ ನಮ್ಮ ಕಣ್ಣಿಗೆ, ಕಿವಿಗೆ ಸಿಗದೆ ಹೋಗಿರಬಹುದು. ನಾವು ಎಣಿಸುವುದು ಇರುವ ಹಕ್ಕಿಗಳನ್ನಲ್ಲ, ನಮಗೆ ಸಿಕ್ಕ ಹಕ್ಕಿಗಳನ್ನು. ಸಿಗುವ ಪ್ರಮಾಣವೂ ನೆಲೆಯಿಂದ ನೆಲೆಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಈ ಮೂರು ಕಾರಣಗಳನ್ನು ಒಂದರಿಂದ ಇನ್ನೊಂದನ್ನು ಬಿಡಿಸಿ ನೋಡಲು ಬೇಕಾದ ಎಣಿಕೆಯ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಇದಕ್ಕೆ ದುಬಾರಿ ಸಲಕರಣೆ ಬೇಡ: ಒಂದು ಸಾಧಾರಣ ಬೈನಾಕ್ಯುಲರ್, ಕೈಗಡಿಯಾರ, ಗಟ್ಟಿ ರಟ್ಟಿನ ಪುಸ್ತಕ ಮತ್ತು ಪೆನ್ಸಿಲು ಸಾಕು. ಮಳೆಯಲ್ಲಿ ನೆನೆದರೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲಿನ ಬರಹ ಉಳಿಯುತ್ತದೆ.

ಹಂತ 1: ನೆಲೆಗಳನ್ನು ಆರಿಸುವುದು

ಒಂದೇ ಊರಿನ ಸುತ್ತ, ವರ್ಷಪೂರ್ತಿ ಹೋಗಿ ಬರಲು ಸಾಧ್ಯವಿರುವ ನಾಲ್ಕು ನೆಲೆಗಳನ್ನು ಆರಿಸಿಕೊಳ್ಳಿ. ನಮ್ಮ ಸೀಮೆಯಲ್ಲಿ ಅವು ಸಹಜವಾಗಿಯೇ ಒದಗುತ್ತವೆ: ಒಂದು ಕೆರೆ, ಅದರ ಅಚ್ಚುಕಟ್ಟಿನ ಅಥವಾ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಭತ್ತ, ಕಬ್ಬಿನ ಗದ್ದೆಬಯಲು, ಚಾಮುಂಡಿಬೆಟ್ಟದ ತಪ್ಪಲಿನಂತಹ ಕುರುಚಲು ಕಾಡು, ಮತ್ತು ಮನೆ, ತೆಂಗಿನ ತೋಟ, ರಸ್ತೆಬದಿಯ ಮರಗಳಿರುವ ಊರಿನ ಭಾಗ. ಹೆಚ್ಚು ಹಕ್ಕಿಗಳಿವೆಯೆಂಬ ಕಾರಣಕ್ಕೆ ಮಾತ್ರ ಜಾಗ ಆರಿಸಬೇಡಿ. ಒಳ್ಳೆಯ ಜಾಗಗಳನ್ನಷ್ಟೇ ಹೋಲಿಸಿದರೆ ನೆಲೆಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ಆಯ್ಕೆಯ ಒಲವು ಮಾತ್ರ ತಿಳಿಯುತ್ತದೆ.

ಪ್ರತಿ ನೆಲೆಯಲ್ಲಿ ಒಂದಕ್ಕೊಂದು ಕನಿಷ್ಠ 250 ಮೀಟರ್ ದೂರವಿರುವ ಮೂರು ನಿಲುದಾಣಗಳನ್ನು ಗುರುತಿಸಿ. ಹತ್ತಿರ ಇದ್ದರೆ ಒಂದೇ ಕಾಜಾಣ ಎರಡೂ ಕಡೆಯ ಲೆಕ್ಕಕ್ಕೆ ಸೇರುತ್ತದೆ. ನಿಲುದಾಣದ ಗುರುತು ಮುಂದಿನ ವರ್ಷವೂ ಸಿಗುವಂತಿರಲಿ: ತೂಬಿನ ಕಲ್ಲು, ಹಳೆಯ ಆಲದ ಮರ, ನಾಲೆಯ ಸೇತುವೆ. ಫೋನಿನ ಜಿಪಿಎಸ್ ಗುರುತನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಗದ್ದೆ ಅಥವಾ ತೋಟ ಬೇರೆಯವರದಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಬೇಕೇ ಬೇಕು.

ಹಂತ 2: ವರ್ಷವನ್ನು ಭಾಗಿಸುವುದು

ಬೇಸಿಗೆ, ಮಳೆ, ಚಳಿ ಎಂಬ ಸ್ಥೂಲ ವಿಂಗಡಣೆ ಹಕ್ಕಿಗಳ ವರ್ಷಕ್ಕೆ ಸರಿಯಾಗಿ ಹೊಂದುವುದಿಲ್ಲ. ಗದ್ದೆ ಗೊರವದಂತಹ ಕೆಸರಿನ ಹಕ್ಕಿಗಳು ಇಲ್ಲಿ ಮಳೆಗಾಲ ಮುಗಿಯುವ ಮೊದಲೇ, ಆಗಸ್ಟಿನಲ್ಲಿಯೇ, ಬರತೊಡಗುತ್ತವೆ. ಗುಲಾಬಿ ಕಬ್ಬಕ್ಕಿಯೂ ಬೇಗ ಬರುವ ವಲಸೆಗಾರನೇ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೂದು ಸಿಪಿಲೆ, ಉಲಿಯಕ್ಕಿಗಳು, ನವರಂಗ ಬರುತ್ತವೆ. ಮಂಗೋಲಿಯ, ಟಿಬೆಟ್ ಪ್ರಸ್ಥಭೂಮಿಗಳಲ್ಲಿ ಮರಿಮಾಡಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿ ನೆಲೆಯೂರಿದ ಮೇಲೆ ಮೈಸೂರಿನ ಸಮೀಪದ ಹದಿನಾರು ಕೆರೆಯಲ್ಲಿ, ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಕಾಣಸಿಗುತ್ತವೆ. ಮಾರ್ಚ್, ಏಪ್ರಿಲಿನ ಹೊತ್ತಿಗೆ ಬಹುಪಾಲು ವಲಸೆಗಾರರು ಹಿಂದಿರುಗುತ್ತಾರೆ.

ಆದುದರಿಂದ ಋತುವನ್ನು ಮೊದಲೇ ಗೆರೆ ಎಳೆದು ನಿಗದಿ ಮಾಡದೆ, ವರ್ಷವಿಡೀ ಹದಿನೈದು ದಿನಕ್ಕೊಮ್ಮೆ ಎಣಿಸುವುದು ಲೇಸು. ಗೆರೆಗಳನ್ನು ಅನಂತರ ಎಳೆಯಬಹುದು. ಅಷ್ಟು ಬಿಡುವಿಲ್ಲದವರು ಎರಡು ಋತುಗಳನ್ನಾದರೂ ಹಿಡಿಯಬೇಕು. 2015ರಿಂದ 2020ರವರೆಗೆ ನಡೆದ ಕೇರಳದ ಪಕ್ಷಿ ಅಟ್ಲಾಸಿನಲ್ಲಿ (ಯಾವ ಹಕ್ಕಿ ರಾಜ್ಯದಲ್ಲಿ ಎಲ್ಲೆಲ್ಲಿದೆ ಎಂಬುದರ ನಕ್ಷೆ) ಸ್ವಯಂಸೇವಕರು ಅನುಸರಿಸಿದ್ದು ಇದೇ ದಾರಿಯನ್ನು: ಜನವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ ಒಣ ಋತುವಿನ ಎಣಿಕೆ, ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆ ಋತುವಿನ ಎಣಿಕೆ. ಪುಸ್ತಕದಲ್ಲಿ ದಿನಾಂಕದ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆಯುವುದು ನನ್ನ ರೂಢಿ. ‘ಹಸ್ತ ಮಳೆ, ಜೋರು’ ಅಥವಾ ‘ಆರಿದ್ರೆ, ಹನಿಯಿಲ್ಲ’ ಎಂಬ ಎರಡು ಪದಗಳು ಆ ಸಲ ಗದ್ದೆಯಲ್ಲಿ ನಾಟಿ ಏಕೆ ತಡವಾಯಿತು, ಗೀಜಗ ಏಕೆ ತಡವಾಗಿ ಗೂಡು ಹೆಣೆಯಿತು ಎಂಬುದನ್ನು ವರ್ಷದ ಬಳಿಕವೂ ನೆನಪಿಗೆ ತರುತ್ತವೆ.

ಹಂತ 3: ಗದ್ದೆ, ಕುರುಚಲು, ಊರಿನಲ್ಲಿ ನಿಂತು ಎಣಿಸುವುದು

ಸೂರ್ಯೋದಯವಾದ ಮೂರು ಗಂಟೆಗಳ ಒಳಗೆ ಎಣಿಕೆ ಮುಗಿಯಬೇಕು. ಹನ್ನೆರಡು ನಿಲುದಾಣಗಳು ಒಂದೇ ಬೆಳಿಗ್ಗೆ ಮುಗಿಯುವುದಿಲ್ಲವಾದ್ದರಿಂದ ಎರಡು ಬೆಳಿಗ್ಗೆಗಳಿಗೆ ಹಂಚಿಕೊಳ್ಳಿ. ನಿಲುದಾಣ ತಲುಪಿದ ಕೂಡಲೇ ಎಣಿಸತೊಡಗದೆ, ನಮ್ಮ ಹೆಜ್ಜೆ ಸಪ್ಪಳಕ್ಕೆ ಬೆದರಿದ ಹಕ್ಕಿಗಳು ಮತ್ತೆ ತಮ್ಮ ಕೆಲಸಕ್ಕೆ ಮರಳಲು ಎರಡು ನಿಮಿಷ ಸುಮ್ಮನೆ ನಿಲ್ಲಬೇಕು. ಬಳಿಕ ಗಡಿಯಾರ ನೋಡಿ ಸರಿಯಾಗಿ 10 ನಿಮಿಷ, ಕಂಡ ಮತ್ತು ಕೇಳಿದ ಪ್ರತಿಯೊಂದು ಹಕ್ಕಿಯನ್ನೂ ಬರೆಯಬೇಕು. ಕಾಗೆ, ಗೊರವಂಕ, ಪಾರಿವಾಳವೂ ಸೇರಿ ಎಲ್ಲವೂ. ಸಾಮಾನ್ಯ ಹಕ್ಕಿಗಳನ್ನು ಬಿಟ್ಟು ಅಪರೂಪದವನ್ನಷ್ಟೇ ಬರೆದ ಪಟ್ಟಿಯಿಂದ ಏರಿಳಿತದ ಅಧ್ಯಯನಕ್ಕೆ ಏನೂ ಉಪಯೋಗವಿಲ್ಲ. ಅದರಲ್ಲಿ ಹೆಸರಿಲ್ಲದ ಹಕ್ಕಿ ಅಲ್ಲಿರಲಿಲ್ಲವೋ, ಬರೆಯಲಿಲ್ಲವೋ ತಿಳಿಯುವ ಬಗೆಯಿಲ್ಲ.

ಪ್ರತಿ ಹಕ್ಕಿಯ ಮುಂದೆ ಮೂರು ಕಲಮುಗಳಿರಲಿ: 50 ಮೀಟರಿನ ಒಳಗೆ ಇದ್ದದ್ದು, ಅದರಾಚೆ ಇದ್ದದ್ದು, ಮೇಲೆ ಹಾರಿಹೋದದ್ದು. ಈ ದೂರದ ಕಲಮು ಬಹಳ ಮುಖ್ಯ. ಬಯಲಿನ ಗದ್ದೆಯಲ್ಲಿ 200 ಮೀಟರ್ ದೂರದ ಬೆಳ್ಳಕ್ಕಿಯೂ ಕಣ್ಣಿಗೆ ಬೀಳುತ್ತದೆ. ಕುರುಚಲಿನಲ್ಲಿ 30 ಮೀಟರ್ ದೂರದ ಗೌಜಲ ಹಕ್ಕಿ ಕೂಗದಿದ್ದರೆ ಇದೆಯೆಂದೇ ತಿಳಿಯುವುದಿಲ್ಲ. ದೂರ ಲೆಕ್ಕಿಸದೆ ಒಟ್ಟು ಸಂಖ್ಯೆಯನ್ನೇ ಹೋಲಿಸಿದರೆ ಗದ್ದೆಯಲ್ಲಿ ಹಕ್ಕಿಗಳು ಹೆಚ್ಚು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. 50 ಮೀಟರಿನ ಒಳಗಿನ ಲೆಕ್ಕವನ್ನು ಹೋಲಿಸಿದರೆ ಆ ತಪ್ಪು ಪೂರ್ತಿ ಹೋಗದಿದ್ದರೂ ಬಹಳ ತಗ್ಗುತ್ತದೆ. ದೂರದ ಅಂದಾಜು ಪಳಗಲು ಮೊದಲ ದಿನ ಹಗ್ಗ ಹಿಡಿದು 50 ಮೀಟರ್ ಅಳೆದು, ಅಲ್ಲಿರುವ ಮರ, ಬದು, ಕಂಬಗಳನ್ನು ಗುರುತು ಮಾಡಿಕೊಳ್ಳಿ.

ಮಳೆ ಸುರಿಯುವಾಗ, ಗಾಳಿಗೆ ಕೊಂಬೆಗಳು ತೂಗಾಡುವಾಗ ಎಣಿಸಬೇಡಿ, ಮರುದಿನ ಹೋಗಿ. ಹಕ್ಕಿಯ ಕೂಗನ್ನು ಫೋನಿನಲ್ಲಿ ನುಡಿಸಿ ಕರೆಯಲೂ ಬೇಡಿ. ಅದು ಗೂಡುಕಟ್ಟುವ ಹಕ್ಕಿಗೆ ತೊಂದರೆ ಕೊಡುವುದಷ್ಟೇ ಅಲ್ಲ, ಎಣಿಕೆಯನ್ನೂ ಕೆಡಿಸುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಮೊದಲ ವರ್ಷ ನಾನು ಪ್ರತಿ ಸಲವೂ ಗದ್ದೆಬಯಲಿನಿಂದ ಆರಂಭಿಸಿ, ಬಿಸಿಲೇರಿದ ಮೇಲೆ ಕುರುಚಲಿಗೆ ಹೋಗುತ್ತಿದ್ದೆ. ವರ್ಷದ ಕೊನೆಗೆ ಕುರುಚಲಿನಲ್ಲಿ ಹಕ್ಕಿಗಳು ತೀರ ಕಡಿಮೆ ಎಂದು ಬರೆದುಕೊಂಡೆ. ಮರುವರ್ಷ ಒಂದು ಬೆಳಿಗ್ಗೆ ಆರೂವರೆಗೆ ಅಲ್ಲಿಗೆ ಹೋದಾಗ ಪಿಕಳಾರ, ಗೌಜಲ, ಸೂರಕ್ಕಿಗಳ ಕೂಗು ನಾಲ್ಕೂ ದಿಕ್ಕಿನಿಂದ ಕೇಳಿತು. ಕಡಿಮೆಯಾಗಿದ್ದುದು ಹಕ್ಕಿಯಲ್ಲ, ಒಂಬತ್ತೂವರೆಯ ಬಿಸಿಲಿನಲ್ಲಿ ಅವುಗಳ ಓಡಾಟ. ಒಂದು ವರ್ಷದ ಹೋಲಿಕೆಯನ್ನೇ ಕೈಬಿಡಬೇಕಾಯಿತು. ಆದ್ದರಿಂದ ನೆಲೆಗಳ ಸರದಿಯನ್ನು ಪ್ರತಿ ಸಲ ಬದಲಿಸಿ: ಈ ಸಲ ಮೊದಲು ಹೋದ ಕಡೆಗೆ ಮುಂದಿನ ಸಲ ಕೊನೆಗೆ ಹೋಗಿ.

ಹಂತ 4: ಕೆರೆಯಲ್ಲಿ ಎಣಿಸುವುದು

ಕೆರೆಯಲ್ಲಿ ನಿಂತಲ್ಲೇ 10 ನಿಮಿಷ ಎಣಿಸುವ ಕ್ರಮ ಸಾಲದು. ನೀರಿನ ಮೇಲಿರುವ ಹಕ್ಕಿಗಳನ್ನೆಲ್ಲ ಎಣಿಸಬೇಕು. ಮೂರೂ ನಿಲುದಾಣಗಳಿಂದ ಇಡೀ ಕೆರೆ ಕಾಣುವಂತೆ, ಸೂರ್ಯ ಬೆನ್ನ ಹಿಂದಿರುವಂತೆ ನೋಡಿಕೊಂಡು, ಪ್ರತಿ ನಿಲುದಾಣಕ್ಕೆ ಕೆರೆಯ ಒಂದೊಂದು ಪಾಲನ್ನು ಹಂಚಿ. ಪಾಲಿನ ಗಡಿ ಬೇಸಿಗೆಯಲ್ಲೂ ಮಳೆಯಲ್ಲೂ ಒಂದೇ ಆಗಿರಬೇಕು. ದೊಡ್ಡ ಗುಂಪನ್ನು ಎಣಿಸುವಾಗ, ಕಣದಲ್ಲಿ ರಾಶಿಯನ್ನು ಬಳ್ಳದಿಂದ ಅಳೆಯುವಂತೆ, ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ ಅವು ಎಷ್ಟು ಜಾಗ ಹಿಡಿದಿವೆಯೆಂದು ನೋಡಿಕೊಳ್ಳಿ. ಆ ಅಳತೆಯನ್ನು ಗುಂಪಿನ ಮೇಲೆ ಎಡದಿಂದ ಬಲಕ್ಕೆ ಹಾಯಿಸಿ. ನೂರನ್ನು ಮೀರಿದ ಗುಂಪನ್ನು ಎರಡು ಸಲ ಎಣಿಸಿ, ಎರಡೂ ಸಂಖ್ಯೆಗಳನ್ನು ಬರೆಯಿರಿ. ನಾಮದ ಕೋಳಿ, ಜಂಬುಕೋಳಿಗಳು ಜೊಂಡಿನೊಳಗೆ ಮರೆಯಾಗಿರುತ್ತವೆಯಾದ್ದರಿಂದ ಜೊಂಡು ಎಷ್ಟು ಹರಡಿದೆ ಎಂಬುದನ್ನೂ ಬರೆಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ಮಟ್ಟ. ತೂಬಿನ ಬಳಿ ಇಳಿಯುವ ಮೆಟ್ಟಿಲುಗಳಲ್ಲಿ ಎಷ್ಟು ನೀರಿನಿಂದ ಮೇಲಿವೆ ಎಂದು ಪ್ರತಿ ಸಲ ಎಣಿಸಿ ಬರೆದರೆ ಸಾಕು. ಮೆಟ್ಟಿಲಿಲ್ಲದಿದ್ದರೆ ತೂಬಿನ ಕಲ್ಲಿನ ಮೇಲೆ ಅಳತೆಯ ಗುರುತು ಹಾಕಿಕೊಳ್ಳಬಹುದು. ಈ ಒಂದು ಅಂಕಿ ಇಲ್ಲದೆ ಕೆರೆಯ ಹಕ್ಕಿಗಳ ಏರಿಳಿತವನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಗೊರವಗಳು ಕಾಲು ಮುಳುಗುವಷ್ಟು ನೀರಿನ ಕೆಸರಂಚಿನಲ್ಲಿ ಮಾತ್ರ ಮೇಯಬಲ್ಲವು. ಮೆಟ್ಟುಗಾಲು ಹಕ್ಕಿ ಉದ್ದ ಕಾಲುಗಳಿಂದಾಗಿ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಸೂಜಿಬಾಲದ ಬಾತು, ವರಟೆ ಬಾತುಗಳು ತಲೆ ಕೆಳಗಾಗಿ ಕತ್ತು ಚಾಚಿದರೆ ತಳ ಸಿಗುವಷ್ಟು ಆಳವನ್ನು ಬಯಸುತ್ತವೆ. ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಆಳ ಹೆಚ್ಚಿದ್ದರೂ ಸರಿಯೇ. ತುಂಬಿದ ಕೆರೆಯಲ್ಲಿ ನೀರು ಏರಿಯ ಕಲ್ಲಿಗೇ ತಾಗಿ ನಿಂತಾಗ ಕೆಸರಂಚೇ ಇರುವುದಿಲ್ಲ. ಜನವರಿಯಿಂದ ನೀರು ಇಳಿದಂತೆ ಅಂಗಳದ ಕೆಸರು ತೆರೆದುಕೊಳ್ಳುತ್ತದೆ, ಮೀನುಗಳು ಉಳಿದ ನೀರಿನಲ್ಲಿ ಒತ್ತಾಗುತ್ತವೆ, ಸುತ್ತಲಿನ ಸಣ್ಣ ಕಟ್ಟೆಗಳು ಬತ್ತಿದ್ದರಿಂದ ಅಲ್ಲಿನ ಹಕ್ಕಿಗಳೂ ಇಲ್ಲಿಗೇ ಬರುತ್ತವೆ. ಫೆಬ್ರುವರಿಯ ಹಕ್ಕಿಗಳ ಜಂಗುಳಿಯಲ್ಲಿ ವಲಸೆಯ ಪಾಲೆಷ್ಟು, ಬತ್ತಿದ ಕಟ್ಟೆಗಳಿಂದ ಬಂದು ಸೇರಿದ ಊರ ಹಕ್ಕಿಗಳ ಪಾಲೆಷ್ಟು ಎಂಬುದನ್ನು ಮೆಟ್ಟಿಲಿನ ಅಂಕಿ ಮತ್ತು ಜಾತಿವಾರು ಲೆಕ್ಕ ಎರಡೂ ಇದ್ದರೆ ಬಿಡಿಸಬಹುದು.

ದಿನದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಗೋವಕ್ಕಿಗಳು ಹಗಲೆಲ್ಲ ಗದ್ದೆಯಲ್ಲಿ ಉಳುವ ಎತ್ತು, ಟ್ರ್ಯಾಕ್ಟರುಗಳ ಹಿಂದೆ ಮೇದು ಸಂಜೆ ಕೆರೆಯಂಚಿನ ಮರಗಳಿಗೆ ಮಲಗಲು ಬರುತ್ತವೆ. ಪಟ್ಟೆತಲೆ ಹೆಬ್ಬಾತುಗಳದ್ದು ಇದಕ್ಕೆ ತದ್ವಿರುದ್ಧ: ಹಗಲು ಕೆರೆಯಲ್ಲಿ ವಿಶ್ರಾಂತಿ, ರಾತ್ರಿ ಹೊಲದಲ್ಲಿ ಮೇವು. ಬೆಳಗಿನ ಎಣಿಕೆಯಷ್ಟನ್ನೇ ನಂಬಿದರೆ ಗೋವಕ್ಕಿ ಗದ್ದೆಯದು, ಹೆಬ್ಬಾತು ಕೆರೆಯದು ಎಂದಾಗುತ್ತದೆ. ಎರಡಕ್ಕೂ ಎರಡೂ ನೆಲೆಗಳು ಬೇಕು. ತಿಂಗಳಿಗೊಮ್ಮೆ ಸೂರ್ಯಾಸ್ತದ ಹೊತ್ತಿನಲ್ಲಿ ಏರಿಯ ಮೇಲೆ ಒಂದು ಗಂಟೆ ನಿಂತು ಬರುವ, ಹೋಗುವ ಹಕ್ಕಿಗಳನ್ನು ಎಣಿಸಿ.

ಹಂತ 5: ನೆಲೆಯ ಸ್ಥಿತಿಯನ್ನು ಬರೆಯುವುದು

ಹಕ್ಕಿಯ ಲೆಕ್ಕದ ಜೊತೆಗೆ ನೆಲೆಯ ಸ್ಥಿತಿಗೆ ಮೂರು ಸಾಲು ಮೀಸಲಿಡಿ. ಗದ್ದೆಯಲ್ಲಿ ಉಳುಮೆಯೋ, ನಾಟಿಯೋ, ತೆನೆ ತುಂಬಿದೆಯೋ, ಕೊಯ್ಲಾಗಿದೆಯೋ. ಉಳುಮೆಗೆ ಬೆಳ್ಳಕ್ಕಿ, ತೆನೆಗೆ ರಾಟವಾಳ ಮತ್ತು ಗೀಜಗ ನೆರೆಯುತ್ತವೆ. ಕುರುಚಲಿನಲ್ಲಿ ಮತ್ತು ಊರಿನಲ್ಲಿ ಯಾವ ಮರ ಹೂಬಿಟ್ಟಿದೆ, ಯಾವುದು ಹಣ್ಣಾಗಿದೆ. ಎಲೆಯುದುರಿದ ಮುತ್ತುಗ, ಬೂರುಗ ಹೂಬಿಟ್ಟ ದಿನಗಳಲ್ಲಿ ಒಂದೇ ಮರಕ್ಕೆ ಸೂರಕ್ಕಿ, ಕಾಜಾಣ, ಗೊರವಂಕ, ಗುಲಾಬಿ ಕಬ್ಬಕ್ಕಿಗಳು ಮುಗಿಬೀಳುತ್ತವೆ. ಆಲದ ಹಣ್ಣಾದಾಗ ಕುಟ್ರು ಹಕ್ಕಿಗಳದೂ ಅದೇ ಕತೆ. ಅದನ್ನು ಬರೆದಿಡದಿದ್ದರೆ ಆ ದಿನದ ಏರಿಕೆಯನ್ನು ಇಡೀ ನೆಲೆಯ ಏರಿಕೆಯೆಂದು ಎಣಿಸುತ್ತೇವೆ.

ಹಂತ 6: ‘ಇಲ್ಲ’ ಎಂಬುದನ್ನು ಪರೀಕ್ಷಿಸುವುದು

ಕೋಗಿಲೆ ಈ ಪರೀಕ್ಷೆಗೆ ಒಳ್ಳೆಯ ಉದಾಹರಣೆ. ಮಾರ್ಚಿನಿಂದ ಮಳೆಗಾಲದವರೆಗೆ ಅದರ ಕೂಗು ಊರೆಲ್ಲ ಕೇಳುತ್ತದೆ. ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಣಿಸಿದರೂ ಪಟ್ಟಿಯಲ್ಲಿ ಸಿಗುವುದು ಕಷ್ಟ. ಕೋಗಿಲೆ ವಲಸೆ ಹೋಗಿರುವುದಿಲ್ಲ, ಕೂಗುವುದನ್ನು ನಿಲ್ಲಿಸಿ ಎಲೆಗಳ ಮರೆಯಲ್ಲಿರುತ್ತದೆ. ಮಡಿವಾಳ ಹಕ್ಕಿಯೂ ಗೂಡುಕಟ್ಟುವ ಕಾಲದಲ್ಲಿ ಎತ್ತರದ ಕೊಂಬೆಯ ಮೇಲೆ ಕುಳಿತು ಹಾಡುತ್ತದೆ, ಉಳಿದ ಕಾಲದಲ್ಲಿ ಪೊದೆಯ ಬುಡದಲ್ಲಿ ಸದ್ದಿಲ್ಲದೆ ಮೇಯುತ್ತದೆ. ಚಾತಕದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮುಂಗಾರಿನ ಗಾಳಿಯೊಡನೆ ಆಫ್ರಿಕಾದಿಂದ ಬಂದು ಉತ್ತರ ಮತ್ತು ಮಧ್ಯ ಭಾರತದಲ್ಲಿ ಮರಿಮಾಡಿಸುವ ಚಾತಕಗಳಿವೆ. ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿ ವರ್ಷವಿಡೀ ನೆಲೆಸಿರುವ ಚಾತಕಗಳೂ ಇವೆ. ಮಳೆಯ ಮೊದಲು ನಮ್ಮ ಕುರುಚಲಿನಲ್ಲಿ ಕೂಗು ಕೇಳಿದ ಮಾತ್ರಕ್ಕೆ ಸಮುದ್ರ ದಾಟಿ ಬಂದಿತೆಂದು ಬರೆಯಲಾಗದು.

ಪರೀಕ್ಷೆಯ ಬಗೆ ಸರಳ. ಪ್ರತಿ ಹಕ್ಕಿಯ ಮುಂದೆ ಕಂಡದ್ದಕ್ಕೆ ‘ಕ’, ಕೇಳಿದ್ದಕ್ಕೆ ಮಾತ್ರ ‘ಕೇ’ ಎಂದು ಬರೆಯಿರಿ. ಒಂದು ಹಕ್ಕಿಯ ಸಂಖ್ಯೆ ಋತುವಿನೊಡನೆ ಕುಸಿದಾಗ, ‘ಕೇ’ ಮಾತ್ರ ಕುಸಿದು ‘ಕ’ ಹೆಚ್ಚು ಕಡಿಮೆ ಹಾಗೆಯೇ ಇದ್ದರೆ ಬದಲಾದದ್ದು ಹಕ್ಕಿಯ ದನಿ. ಎರಡೂ ಶೂನ್ಯಕ್ಕೆ ಇಳಿದು, ಸುತ್ತಲಿನ ಇತರರ ಪಟ್ಟಿಗಳಲ್ಲೂ ಅದೇ ತಿಂಗಳುಗಳಲ್ಲಿ ಹೆಸರಿಲ್ಲದಿದ್ದರೆ, ಚಳಿಗಾಲದ ವಲಸೆಗಾರನಾದ ಬೂದು ಕಾಜಾಣದಂತೆ, ನಿಜವಾಗಿ ಹೋಗಿದೆ ಎನ್ನಬಹುದು.

ಹಂತ 7: ಲೆಕ್ಕ ಹಾಕುವುದು

ಎರಡು ಅಂಕಿಗಳು ಸಾಕು. ಮೊದಲನೆಯದು ಎಷ್ಟು ಸಲ ಸಿಕ್ಕಿತು ಎಂಬ ಶೇಕಡಾ ಪ್ರಮಾಣ. ಕುರುಚಲಿನ ಮೂರು ನಿಲುದಾಣಗಳಲ್ಲಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಆರು ಭೇಟಿಗಳೆಂದರೆ 18 ಎಣಿಕೆಗಳು. ಅವುಗಳಲ್ಲಿ 11ರಲ್ಲಿ ಉಲಿಯಕ್ಕಿ ಸಿಕ್ಕಿತೆಂದುಕೊಂಡರೆ ಪ್ರಮಾಣ ಶೇ. 61. ಇದೇ ಹಕ್ಕಿಗೆ ಊರಿನಲ್ಲಿ, ಗದ್ದೆಯಲ್ಲಿ, ಬೇರೆ ಋತುಗಳಲ್ಲಿ ಬಂದ ಪ್ರಮಾಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಚಿತ್ರ ಮೂಡುತ್ತದೆ.

ಎರಡನೆಯದು ಸಂಖ್ಯೆಯ ನಡುಮೌಲ್ಯ. ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ಗದ್ದೆಬಯಲಿನ ಆರು ಭೇಟಿಗಳಲ್ಲಿ ಕವಲುತೋಕೆಗಳ ಲೆಕ್ಕ 0, 3, 0, 5, 412, 2 ಎಂದಿದ್ದರೆ ಸರಾಸರಿ 70. ಆದರೆ 70ಕ್ಕೆ ಹತ್ತಿರದ ಸಂಖ್ಯೆ ಯಾವ ದಿನವೂ ಇರಲಿಲ್ಲ. ಏರಿಕೆಯ ಕ್ರಮದಲ್ಲಿ ಬರೆದು ನಡುವಿನ ಎರಡರ ಸರಾಸರಿ ತೆಗೆದರೆ 2.5 ಬರುತ್ತದೆ, ಅದು ಆ ನೆಲೆಯ ಸಾಮಾನ್ಯ ದಿನವನ್ನು ಹೇಳುತ್ತದೆ. 412ನ್ನು ಅಳಿಸಬೇಡಿ, ಕಬ್ಬಿನ ಗದ್ದೆಯ ಮೇಲೆ ಚಳಿಗಾಲದ ದೊಡ್ಡ ಗುಂಪು ಬಂದ ದಿನವೆಂದು ಬೇರೆಯಾಗಿ ಬರೆಯಿರಿ. ಒಟ್ಟು ಜಾತಿಗಳ ಸಂಖ್ಯೆಯನ್ನು ಹೋಲಿಸುವಾಗ ಭೇಟಿಗಳು ಸಮವಾಗಿರಲಿ, ಏಕೆಂದರೆ ಹೆಚ್ಚು ಸಲ ಹೋದ ಕಡೆ ಹೆಚ್ಚು ಜಾತಿಗಳು ಸಿಗುವುದು ಸಹಜ.

ಹಂತ 8: ಸುತ್ತಲಿನ ಚಿತ್ರಕ್ಕೆ ಜೋಡಿಸುವುದು

ನಮ್ಮ ನಾಲ್ಕು ನೆಲೆಗಳು ಪ್ರತ್ಯೇಕ ದ್ವೀಪಗಳಲ್ಲ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ಕಾವೇರಿ ನಡುಗಡ್ಡೆಗಳಲ್ಲಿ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮರಿಗಳಿಗೆ ಮೀನು ತರುವುದು ಸುತ್ತಲಿನ ಕೆರೆಗಳಿಂದಲೇ. ಬೇಸಿಗೆಯಲ್ಲಿ ನಿಮ್ಮ ಕೆರೆಗೆ ಬಣ್ಣದ ಕೊಕ್ಕರೆಗಳು ದಿನವೂ ಬಂದು ಹೋಗುತ್ತಿದ್ದರೆ ಅವು ಯಾವ ದಿಕ್ಕಿಗೆ ಹಾರುತ್ತವೆ ಎಂಬುದನ್ನು ಬರೆಯಿರಿ. ಇದೇ ಹಕ್ಕಿ ದೆಹಲಿಯ ಕಡೆ ಮಳೆಗಾಲದ ಕೊನೆಯಲ್ಲಿ ಗೂಡುಕಟ್ಟುತ್ತದೆ, ನಮ್ಮಲ್ಲಿ ಚಳಿಗಾಲ ಕಳೆದು ಬೇಸಿಗೆಗೆ ಕಾಲಿಡುವಾಗ ಗೂಡಿನಲ್ಲಿರುತ್ತದೆ. ಹಾಗಾಗಿ ಉತ್ತರ ಭಾರತದ ಅನುಭವದಿಂದ ಬರೆದ ಕೈಪಿಡಿಯ ತಿಂಗಳುಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಬಾರದು.

ಪಟ್ಟಿಗಳನ್ನು, ವೀಕ್ಷಕರ ಹಕ್ಕಿ ಪಟ್ಟಿಗಳನ್ನು ಕೂಡಿಡುವ ಇ-ಬರ್ಡ್ ಎಂಬ ಅಂತರ್ಜಾಲ ತಾಣಕ್ಕೆ ಸೇರಿಸಿ. ಪ್ರತಿ ನಿಲುದಾಣಕ್ಕೂ ಪ್ರತ್ಯೇಕ ಪಟ್ಟಿ ಮಾಡಿ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿ. ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೆ ನಿಮ್ಮ ಕೆರೆಯ ಲೆಕ್ಕವನ್ನು ಕೊಡಬಹುದು. ದೇಶದ 942 ಜಾತಿಗಳ ಸ್ಥಿತಿಯನ್ನು ಅಳೆದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನಿಂತಿರುವುದು ಇಂತಹ ಸಾಮಾನ್ಯ ವೀಕ್ಷಕರ ಪಟ್ಟಿಗಳ ಮೇಲೆಯೇ. ಗೂಡುಗಳ ಜಾಗವನ್ನು ಮಾತ್ರ ಎಲ್ಲೂ ಪ್ರಕಟಿಸಬೇಡಿ.

ಹಂತ 9: ಎರಡನೆಯ ವರ್ಷ

ಒಂದು ವರ್ಷದ ಲೆಕ್ಕದಿಂದ ಋತುವಿನ ಏರಿಳಿತ ತಿಳಿಯಿತೆಂದು ಅನ್ನಿಸಬಹುದು, ಆದರೆ ಅದು ಆ ವರ್ಷದ ಮಳೆಯ ಕತೆಯೂ ಆಗಿರುತ್ತದೆ. ಕನಿಷ್ಠ ಮೂರು ವರ್ಷ ಅದೇ ನಿಲುದಾಣಗಳಲ್ಲಿ, ಅದೇ ವಿಧಾನದಲ್ಲಿ ಎಣಿಸಬೇಕು. ಹಿಂಗಾರು ಕೈಕೊಟ್ಟು ಕೆರೆ ತುಂಬದ ವರ್ಷ ಬಂದರೆ ಬೇಸರಿಸಿ ಎಣಿಕೆ ನಿಲ್ಲಿಸುವವರನ್ನು ಕಂಡಿದ್ದೇನೆ. ನಿಲ್ಲಿಸಬಾರದು. ಬಾತುಗಳ ಮುಂದೆ ಶೂನ್ಯವನ್ನೂ, ಪಕ್ಕದಲ್ಲಿ ‘ನೀರಿಲ್ಲ’ ಎಂದೂ ಬರೆಯಬೇಕು. ಅದೇ ದಿನ ಒಣಗಿದ ಅಂಗಳವನ್ನು ಒಂದು ಸುತ್ತು ಹಾಕಿ, ಕಾಲಿಡುವ ಜಾಗವನ್ನು ನೋಡಿಕೊಂಡು ನಡೆಯಿರಿ. ಬಿರುಕುಬಿಟ್ಟ ಮಣ್ಣಿನ ಮೇಲೆ ಟಿಟ್ಟಿಭ ಮೊಟ್ಟೆಯಿಟ್ಟಿರಬಹುದು. ಇಟ್ಟಿದ್ದರೆ ದೂರ ಸರಿದು, ಅದನ್ನೂ ಕೆರೆಯ ಪುಟದಲ್ಲಿಯೇ ಬರೆಯಿರಿ.